ನೀರು ಕಾಯಿಸುವ ಬಂಬಿಗೆ ಹಚ್ಚಿದ ಬಣ್ಣ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ನಮ್ಮದು ಬೆಳಗಾವಿ ಶಹಾಪುರ್ರಿ. ಮನ್ಯಾಗ ಕಬ್ಬಿಣ ಪತ್ರಾದ ಹಳೆ ಬಂಬ್ ಐತಿ, ಮೂರು ಕೊಡ ನೀರು ಹಿಡಿತೈತಿ. ಹ್ವಾದ ವರ್ಷ ದೀಪಾವಳಿ ಮುಂದ ರೆಡ್ ಆಕ್ಸೈಡ್ ಹೊಡದು, ಮ್ಯಾಲೆ ಸಿಲ್ವರ್ ಬಣ್ಣ ಹಚ್ಚಿದ್ವಿ. ಎರಡು ವಾರದಾಗ ಕೆಳಗಿನ ಕಡೆ ಗುಳ್ಳಿ ಎದ್ದು ಉದುರಾಕ ಹತ್ತಿತು. ಮ್ಯಾಲಿನ ಹೊಗಿ ಪೈಪಂತೂ ಕರ್ರಗಾಗಿ ಬಣ್ಣನ ಉಳಿದಿಲ್ಲ. ನಡುವಿಂದು ಮಾತ್ರ ಚಲೋ ಐತಿ. ಈ ಸಲ ಹಬ್ಬಕ್ಕ ಮತ್ತ ಹಚ್ಚಬೇಕು. ಯಾವ ಬಣ್ಣ ತರಬೇಕು? ಎಲ್ಲಾ ಕೆರದು ತಗೀಬೇಕೇನು? ಇಲ್ಲಾ ಪೌಡರ್ ಕೋಟಿಂಗ್‌ಗೆ ಕೊಟ್ರ ಹೆಂಗ?

ಉತ್ತರ: ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಅದೇ ಡಬ್ಬಿ, ಅದೇ ಬ್ರಶ್, ಅದೇ ದಿನ ಹಚ್ಚಿದ ಬಣ್ಣ ನಡುವೆ ನಿಂತಿದೆ, ಕೆಳಗೂ ಮೇಲೂ ಹೋಗಿದೆ. ಬಂಬಿನ ನಡುವಿನ ಪತ್ರಾದ (ತಗಡಿನ) ಹಿಂದೆ ನೀರಿದೆ. ನೀರು ಎಷ್ಟು ಕುದಿದರೂ 100 ಡಿಗ್ರಿ ದಾಟುವುದಿಲ್ಲ, ಆದ್ದರಿಂದ ಅದಕ್ಕೆ ಅಂಟಿದ ಪತ್ರಾನೂ ದಾಟುವುದಿಲ್ಲ. ಕೆಳಗೆ ಒಲೆ ಇರುವ ಭಾಗದಲ್ಲಿ ಪತ್ರಾದ ಹಿಂದೆ ನೀರಿಲ್ಲ, ಬರೀ ಕೆಂಡ ಮತ್ತು ಉರಿ. ಮೇಲೆ ಹೊರಗೆ ಚಾಚಿದ ಹೊಗೆ ಕೊಳವೆಯೂ ಹಾಗೆಯೇ. ಒಣ ಕಟ್ಟಿಗೆಯೋ ತೆಂಗಿನ ಚಿಪ್ಪೋ ಹಾಕಿ ಜೋರು ಉರಿಸಿದರೆ ಅಲ್ಲಿನ ಪತ್ರಾ 300 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಅಂದರೆ ಒಂದೇ ಬಂಬ್ ಆದರೂ ಶಾಖದ ಲೆಕ್ಕದಲ್ಲಿ ಎರಡು ಬೇರೆ ಬೇರೆ ವಸ್ತು. ಒಂದೇ ಬಣ್ಣದಲ್ಲಿ ಎರಡನ್ನೂ ಮುಗಿಸಲು ಹೋಗುವುದೇ ಎಲ್ಲ ತೊಂದರೆಯ ಬೇರು.

ಬಣ್ಣ ಕೊಳ್ಳುವ ಮೊದಲು ಉದುರಿದ ಒಂದು ಹಳುಕನ್ನು ಎತ್ತಿ ತಿರುಗಿಸಿ ನೋಡಿ. ಅದರ ಬೆನ್ನಿನಲ್ಲಿ ಏನಿದೆ ಅನ್ನುವುದರ ಮೇಲೆ ಮುಂದಿನ ಕೆಲಸ ನಿಂತಿದೆ. ಬೆನ್ನಿಗೆ ಕೆಂಪು ಪುಡಿ ಹತ್ತಿ, ಬೆರಳಿಗೆ ಇಟ್ಟಂಗಿ ಪುಡಿಯಂತೆ ಮೆತ್ತಿಕೊಂಡರೆ ಪ್ರೈಮರ್, ಅಂದರೆ ಕೆಳಗೆ ಮೊದಲು ಹಚ್ಚಿದ ರೆಡ್ ಆಕ್ಸೈಡ್, ಸುಟ್ಟಿದೆ. ರೆಡ್ ಆಕ್ಸೈಡಿನಲ್ಲಿರುವ ಕಬ್ಬಿಣದ ಆಕ್ಸೈಡಿಗೆ ಶಾಖದಿಂದ ಏನೂ ಆಗುವುದಿಲ್ಲ. ಆದರೆ ಅದನ್ನು ಹಿಡಿದಿಟ್ಟಿರುವ ಎಣ್ಣೆ-ರಾಳದ ಅಂಟು ಸುಟ್ಟು ಬೂದಿಯಾಗುತ್ತದೆ, ಉಳಿಯುವುದು ಬರೀ ಪುಡಿ. ಮೇಲಿನ ಸಿಲ್ವರ್ ಎಷ್ಟೇ ಗಟ್ಟಿಯಿದ್ದರೂ ಪುಡಿಯ ಮೇಲೆ ನಿಲ್ಲಲಾರದು. ಬೆನ್ನಿಗೆ ಕಂದು ಬಣ್ಣದ ಪದರುಪದರಾದ ತುಕ್ಕು ಹತ್ತಿದ್ದರೆ, ಹೋದ ಸಲ ತುಕ್ಕನ್ನು ಪೂರ್ತಿ ತೆಗೆಯದೆ ಹಚ್ಚಿದ್ದೀರಿ. ಬೆನ್ನು ಚೊಕ್ಕವಾಗಿದ್ದು, ಉದುರಿದ ಜಾಗದಲ್ಲಿ ಬೂದು ಹೊಳಪಿನ ಲೋಹ ಕಂಡರೆ ನಿಮ್ಮದು ಬರೀ ಕಬ್ಬಿಣವಲ್ಲ, ಜಿಐ ಪತ್ರಾ, ಅಂದರೆ ಸತುವಿನ ಲೇಪ ಇರುವ ಪತ್ರಾ. ನೀವು ಹೇಳಿದ ಲಕ್ಷಣಕ್ಕೆ ಮೊದಲನೆಯದೇ ಹೊಂದುತ್ತದೆ. ಆದರೂ ಮೂರೂ ಒಂದೇ ಬಂಬಿನಲ್ಲಿ ಇರಬಹುದು, ಹಾಗಾಗಿ ಬೇರೆ ಬೇರೆ ಜಾಗದ ಹಳುಕು ನೋಡಿ.

ಜಿಐ ಆಗಿದ್ದರೆ ಒಂದು ವಿಷಯ ಮೊದಲೇ ತಿಳಿದಿರಲಿ. ಸಾಮಾನ್ಯ ಎನಾಮಲ್ ಬಣ್ಣದಲ್ಲಿರುವ ಎಣ್ಣೆಯಂಶ ಸತುವಿನ ಜೊತೆ ಸೇರಿ ಒಂದು ಬಗೆಯ ಸಾಬೂನಾಗುತ್ತದೆ. ಹಚ್ಚಿದಾಗ ಚೆಂದ ಕೂಡುತ್ತದೆ, ಕೆಲವು ತಿಂಗಳಲ್ಲಿ ಹಾಳೆ ಹಾಳೆಯಾಗಿ ಬಿಡುತ್ತದೆ. ಜಿಐ ಮೇಲೆ ಹಚ್ಚಲೇಬೇಕೆಂದರೆ ಮೊದಲು ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ತುಸು ಕೊರೆದು ಹಿಡಿಯುವ ಪ್ರೈಮರ್ ಬೇಕು. ಕೆಲವು ಅಂಗಡಿಯವರು ವಾಶ್ ಪ್ರೈಮರ್ ಅನ್ನುತ್ತಾರೆ. ಇದು ಎರಡು ಡಬ್ಬಿಯದು, ಬೆರೆಸಿ ಒಂದೇ ಒಂದು ತೆಳು ಕೈ (ಪದರ) ಹಚ್ಚುವುದು. ಆದರೆ ನೀರಿನ ಭಾಗದ ಸತುವಿನ ಲೇಪ ಕೆಡದೆ ಇದ್ದರೆ ಅಲ್ಲಿ ಬಣ್ಣವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಸತುವೇ ಅದರ ರಕ್ಷಣೆ, ಅದರ ಮೇಲೆ ಬಣ್ಣ ಬರೀ ಚೆಂದಕ್ಕೆ. ಒಲೆ ಭಾಗದ ಸತುವು ಹೇಗೂ ಉಳಿದಿರುವುದಿಲ್ಲ. 200 ಡಿಗ್ರಿ ಮೇಲೆ ಸದಾ ಕಾಯುತ್ತಿದ್ದರೆ ಆ ಲೇಪ ಬಿಡುತ್ತ ಬರುತ್ತದೆ, 420ರ ಹತ್ತಿರ ಕರಗಿಯೇ ಹೋಗುತ್ತದೆ. ಜಿಐ ಬಂಬಿಗೂ ಮೊದಲು ತುಕ್ಕು ಬರುವುದು ಕೆಳಗೇ ಯಾಕೆ ಅನ್ನುವುದಕ್ಕೆ ಕಾರಣ ಇದು.

ತಾಮ್ರದ ಬಂಬ್ ಇರುವವರು ಇದನ್ನು ಓದುತ್ತಿದ್ದರೆ: ಬಣ್ಣ ಹಚ್ಚಬೇಡಿ. ಹುಣಸೆಹಣ್ಣು, ಉಪ್ಪು, ನೀರು ಸಾಕು.

ಇನ್ನು ಗಡಿ ಗುರುತಿಸುವುದು. ಪ್ರತಿ ಬಂಬಿನ ಕಟ್ಟು ಬೇರೆ. ಕೆಲವದರಲ್ಲಿ ನೀರಿನ ತಳ ಒಲೆಯ ಸುತ್ತ ಸ್ವಲ್ಪ ಇಳಿದಿರುತ್ತದೆ, ಕೆಲವದರಲ್ಲಿ ಕೆಂಡ ನಿಲ್ಲುವ ಜಾಳಿಗೆಗಿಂತ ಗೇಣುದ್ದ ಮೇಲೆಯೇ ನಿಂತಿರುತ್ತದೆ. ಹೊರಗಿನಿಂದ ಕಣ್ಣಳತೆಯಲ್ಲಿ ಹೇಳಲಾಗದು. ಬಂಬ್ ತುಂಬ ನೀರು ಹಾಕಿ, ಎಂದಿನಂತೆ ಉರಿ ಹಾಕಿ, ನೀರು ಚೆನ್ನಾಗಿ ಕಾದ ಮೇಲೆ ಎರಡು ಹೆಜ್ಜೆ ದೂರ ನಿಂತು ಬೆರಳಿನಿಂದ ಹೊರಮೈಗೆ ನೀರು ಚಿಮುಕಿಸಿ. ರೊಟ್ಟಿ ಹಂಚು ಕಾದಿದೆಯೋ ಇಲ್ಲವೋ ನೋಡುವ ಹಾಗೇ ಇದು. ಹನಿ ಮೈಮೇಲೆ ಹರಿದಿಳಿದು ನಿಧಾನಕ್ಕೆ ಆರಿದರೆ ಅದು ನೀರಿನ ಭಾಗ. ತಾಗಿದ ಕೂಡಲೇ ಚುಂಯ್ ಅಂದು ಮಾಯವಾದರೆ 100 ಡಿಗ್ರಿ ದಾಟಿದೆ. ಹನಿ ಅಂಟದೇ ಗುಂಡುಗುಂಡಾಗಿ ಪುಟಿದು ಬಿದ್ದರೆ ಅಲ್ಲಿ 200ಕ್ಕೂ ಮೇಲಿದೆ. ಸುತ್ತಲೂ ಹೀಗೆ ನೋಡುತ್ತ, ಶಬ್ದ ನಿಲ್ಲುವ ಎತ್ತರವನ್ನು ಸೀಮೆಸುಣ್ಣದಲ್ಲಿ ಗುರುತಿಸಿ. ಆರಿದ ಮೇಲೆ ಆ ಗುರುತಿಗಿಂತ ಐದು ಸೆಂಟಿಮೀಟರ್ ಮೇಲೆ ಇನ್ನೊಂದು ಗೆರೆ ಎಳೆಯಿರಿ. ಅದೇ ನಿಮ್ಮ ಗಡಿ. ಮುಚ್ಚಳದ ಮೇಲೆ ಹೊಗೆ ಕೊಳವೆಯ ಬುಡಕ್ಕೂ ಇದೇ ರೀತಿ ಮಾಡಿ. ಕಟ್ಟಿಗೆ ಹಾಕುವ ಬಾಯಿಯ ಅಂಚು, ಅದರ ಬಾಗಿಲು, ಬೂದಿ ತೆಗೆಯುವ ಬಾಯಿ ಇವೆಲ್ಲ ಒಲೆಯ ಲೆಕ್ಕಕ್ಕೇ.

ಯಾವ ಬಣ್ಣ ತರಬೇಕು? ಒಲೆ ಭಾಗಕ್ಕೂ ಹೊಗೆ ಕೊಳವೆಗೂ ಸಿಲಿಕೋನ್ ರಾಳದ ಹೀಟ್ ರೆಸಿಸ್ಟೆಂಟ್ ಅಲ್ಯುಮಿನಿಯಂ ಬಣ್ಣ. ಡಬ್ಬಿಯ ಮೇಲೆ ಎಷ್ಟು ಡಿಗ್ರಿ ಅಂತ ಅಂಕಿ ಇರಲೇಬೇಕು. ಭಾರತೀಯ ಮಾನಕ ಐಎಸ್ 13183ರಲ್ಲಿ ಈ ಬಣ್ಣಕ್ಕೆ 600, 400, 200 ಡಿಗ್ರಿಯ ಮೂರು ದರ್ಜೆಗಳಿವೆ. ಬಂಬಿಗೆ 600ರದ್ದೇ ತನ್ನಿ. ಬೇಕಾಗುವುದು ಇಷ್ಟೇ ಇಷ್ಟು, ಬೆಲೆಯಲ್ಲಿ ಉಳಿಸಲು ಹೋಗಿ ಕೆಲಸ ಎರಡು ಸಲ ಮಾಡುವುದು ಬೇಡ. ದೊಡ್ಡ ಡಬ್ಬಿ ಬೇಡವಾದರೆ ಮೋಟರ್‌ಸೈಕಲ್ ಬಿಡಿಭಾಗದ ಅಂಗಡಿಯಲ್ಲಿ ಸೈಲೆನ್ಸರ್‌ಗೆ ಹೊಡೆಯುವ ಸ್ಪ್ರೇ ಡಬ್ಬಿ ಸಿಗುತ್ತದೆ, ಕಪ್ಪು ಮತ್ತು ಸಿಲ್ವರ್ ಎರಡೂ. ಅದೂ ಇದೇ ಜಾತಿಯದು. ಆದರೆ ಬರೀ 'ಹೀಟ್ ಪ್ರೂಫ್' ಅಂತಿದ್ದು ಅಂಕಿ ಇಲ್ಲದ್ದನ್ನು ತರಬೇಡಿ. ಇಂಜಿನ್ ಬಣ್ಣವೂ ಆಗದು, ಅದು ತಾಳುವ ಶಾಖ ಬಹಳ ಕಡಿಮೆ. ಹೊಗೆ ಕೊಳವೆಗೆ ಕಪ್ಪು ಹೊಡೆದರೆ ಮಸಿ ಎದ್ದು ಕಾಣುವುದಿಲ್ಲ.

ನೀರಿನ ಭಾಗಕ್ಕೆ ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೈ, ಅದರ ಮೇಲೆ ಸಾಮಾನ್ಯ ಅಲ್ಯುಮಿನಿಯಂ ಬಣ್ಣ (ಸಿಲ್ವರ್ ಅನ್ನುವುದು ಇದಕ್ಕೇ) ಎರಡು ಕೈ. ಜಿಂಕ್ ಫಾಸ್ಫೇಟ್ ಇರುವ ಪ್ರೈಮರ್ ಸಿಕ್ಕರೆ ಇನ್ನೂ ಒಳ್ಳೆಯದು. ಬಿಳಿ ಅಥವಾ ಕೆನೆ ಬಣ್ಣದ ಎನಾಮಲ್ ಬೇಡ. ನೀರು ಕುದಿಯುವ ಶಾಖಕ್ಕೆ ದಿನಾ ಸಿಕ್ಕಿ ಹಳದಿ ತಿರುಗುತ್ತದೆ.

ಇಡೀ ಬಂಬಿಗೆ 600 ಡಿಗ್ರಿಯದ್ದನ್ನೇ ಹಚ್ಚಿದರೆ ಮುಗಿಯಿತಲ್ಲ ಅಂತ ಬಹಳ ಜನ ಕೇಳುತ್ತಾರೆ. ಆಗದು, ಅದಕ್ಕೆ ಎರಡು ಕಾರಣ. ಸಿಲಿಕೋನ್ ಬಣ್ಣ ಗಾಳಿಗೆ ಒಣಗಿದಂತೆ ಕಂಡರೂ ನಿಜವಾಗಿ ಗಟ್ಟಿಯಾಗುವುದು ಸುಮಾರು 200 ಡಿಗ್ರಿಯಲ್ಲಿ ಒಂದು ತಾಸು ಕಾದ ಮೇಲೆ. ನೀರಿನ ಭಾಗ 100 ದಾಟುವುದಿಲ್ಲವಲ್ಲ, ಅಲ್ಲಿ ಅದು ಕಾಯಂ ಮೆತ್ತಗೇ ಉಳಿದು ಉಗುರಿಗೆ ಕೆರೆದು ಬರುತ್ತದೆ. ಎರಡನೆಯದು, ಅದರ ಪದರ ಬಹಳ ತೆಳು, ತುಕ್ಕು ತಡೆಯುವ ಔಷಧ ಅದರಲ್ಲಿಲ್ಲ. ಬಚ್ಚಲಿನ ತಂಪಿಗೆ, ಸಾಬೂನು ನೀರಿನ ಸಿಡಿತಕ್ಕೆ ಪ್ರೈಮರ್ ಇಲ್ಲದೆ ಅದು ಬಾಳುವುದಿಲ್ಲ.

ನೀರಿನ ಭಾಗಕ್ಕೆ ಸಿಲ್ವರ್ ಬಣ್ಣವನ್ನೇ ಹೇಳುವುದಕ್ಕೆ ಚೆಂದಕ್ಕಿಂತ ಮಿಗಿಲಾದ ಕಾರಣವಿದೆ. ಕಾದ ವಸ್ತುವಿನ ಮೈಯಿಂದ ಶಾಖ ಹೊರಗೆ ಸೂಸುತ್ತಿರುತ್ತದೆ. ಸಾಮಾನ್ಯ ಬಣ್ಣ ಯಾವುದೇ ಆಗಲಿ, ಕಪ್ಪಿರಲಿ ಬಿಳಿಯಿರಲಿ, ಸೂಸುವ ಪ್ರಮಾಣ ಗರಿಷ್ಠದ ನೂರಕ್ಕೆ 90ರ ಸುತ್ತಮುತ್ತ. ಅಲ್ಯುಮಿನಿಯಂ ಬಣ್ಣದ್ದು 30ರಿಂದ 50. ಚಳಿ ದೇಶಗಳ ಮನೆಗಳಲ್ಲಿ ಕೋಣೆ ಬೆಚ್ಚಗಿಡಲು ಬಿಸಿನೀರಿನ ರೇಡಿಯೇಟರ್ ಇರುತ್ತವೆ. ಅವಕ್ಕೆ ಸಿಲ್ವರ್ ಬಣ್ಣ ಹಚ್ಚಬೇಡಿ, ಕೋಣೆಗೆ ಬರುವ ಶಾಖ ಕಡಿಮೆಯಾಗುತ್ತದೆ ಅಂತ ಅಮೆರಿಕದ ಮಾನಕ ಸಂಸ್ಥೆ 1930ರ ದಶಕದಲ್ಲೇ ಹೇಳಿತ್ತು. ನಮಗೆ ಬೇಕಾದದ್ದು ಅದರ ಉಲ್ಟಾ: ಶಾಖ ನೀರಿನಲ್ಲೇ ಉಳಿಯಬೇಕು. ನೀರು 60 ಡಿಗ್ರಿ, ಬಚ್ಚಲಿನ ಗಾಳಿ 25 ಡಿಗ್ರಿ ಅಂತ ಲೆಕ್ಕ ಹಾಕಿದರೆ, ನಿಮ್ಮ ಅಳತೆಯ ಬಂಬಿನ ಹೊರಮೈಯಿಂದ ಹೋಗುವ ಶಾಖ ಸಿಲ್ವರ್ ಬಣ್ಣದಿಂದ ಸುಮಾರು ಮೂರನೇ ಒಂದು ಪಾಲು ತಗ್ಗುತ್ತದೆ. ಮೊದಲು ಮಿಂದವರಿಗೂ ಕೊನೆಗೆ ಮಿಂದವರಿಗೂ ಇದರ ಫರಕು ತಿಳಿಯುತ್ತದೆ. ಮೈಮೇಲೆ ಮಸಿ, ಧೂಳು ಕೂತರೆ ಈ ಲಾಭ ಹೋಗುತ್ತದೆ, ಆದ್ದರಿಂದ ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಎಷ್ಟು ತರಬೇಕು ಅನ್ನುವ ಲೆಕ್ಕ. 30 ಸೆಂಟಿಮೀಟರ್ ಅಡ್ಡಳತೆ, ನೀರಿನ ಎತ್ತರ 60 ಸೆಂಟಿಮೀಟರ್ ಇದ್ದರೆ ಹೊರಮೈ, ಮೇಲಿನ ಮುಚ್ಚಳ ಸೇರಿ 0.65 ಚದರ ಮೀಟರ್ ಆಗುತ್ತದೆ. ಲೀಟರಿಗೆ 10 ಚದರ ಮೀಟರ್ ಹಿಡಿದರೆ ಪ್ರೈಮರ್ 65 ಮಿಲಿ, ಅಲ್ಯುಮಿನಿಯಂ ಎರಡು ಕೈಗೆ 130 ಮಿಲಿ. ಅಂದರೆ ಪ್ರೈಮರ್ 100 ಮಿಲಿ ಡಬ್ಬಿ ಒಂದು, ಸಿಲ್ವರ್ 200 ಮಿಲಿ ಒಂದು. 15 ಸೆಂಟಿಮೀಟರ್ ಎತ್ತರದ ಒಲೆ ಭಾಗ, 30 ಸೆಂಟಿಮೀಟರ್ ಉದ್ದದ ಹೊಗೆ ಕೊಳವೆ ಕೂಡಿ ಕಾಲು ಚದರ ಮೀಟರ್; ಎರಡು ಕೈಗೆ 50 ಮಿಲಿ ಬಣ್ಣ ಸಾಕು. ಸ್ಪ್ರೇ ಆದರೆ ಅರ್ಧಕ್ಕರ್ಧ ಗಾಳಿಗೆ ಹೋದರೂ ಒಂದು ಡಬ್ಬಿಯಲ್ಲಿ ಮಿಗುತ್ತದೆ. ಇದರ ಜೊತೆ ತಂತಿ ಬ್ರಶ್, 80, 120 ಮತ್ತು 180 ನಂಬರಿನ ಎಮರಿ ಪೇಪರ್ ಎರಡೆರಡು ಹಾಳೆ, ಒಂದೂವರೆ ಇಂಚಿನ ಬ್ರಶ್ ಎರಡು, ಮಾಸ್ಕಿಂಗ್ ಟೇಪ್, ಟರ್ಪೆಂಟೈನ್ ಅರ್ಧ ಲೀಟರ್. ಹೀಟ್ ರೆಸಿಸ್ಟೆಂಟ್ ಬಣ್ಣವನ್ನು ಬ್ರಶ್‌ನಿಂದ ಹಚ್ಚುವುದಾದರೆ ಅದಕ್ಕೆ ಅದೇ ಕಂಪನಿಯವರು ಹೇಳಿದ ಥಿನ್ನರ್ ಬೇಕು. ಟರ್ಪೆಂಟೈನ್ ಬೆರೆಸಿದರೆ ಒಡೆದ ಹಾಲಿನಂತೆ ಆಗಿಬಿಡಬಹುದು.

ಪೌಡರ್ ಕೋಟಿಂಗ್‌ಗೆ ಕೊಡಬೇಡಿ. ಪೌಡರನ್ನು ಭಟ್ಟಿಯಲ್ಲಿ 180ರಿಂದ 200 ಡಿಗ್ರಿಗೆ ಕರಗಿಸಿ ಹಿಡಿಸುತ್ತಾರೆ. ಹಳೆ ಬಂಬಿನ ನಳದ ಬುಡ, ಹೊಲಿಗೆಗಳಿಗೆ ಎಲ್ಲಿಯಾದರೂ ತವರ-ಸೀಸದ ಬೆಸುಗೆ ಹಾಕಿದ್ದರೆ ಅದು 183 ಡಿಗ್ರಿಗೇ ಕರಗತೊಡಗುತ್ತದೆ. ಬಂಬ್ ಹೊಸದರಂತೆ ಹೊಳೆಯುತ್ತ ವಾಪಸ್ ಬಂದು, ನೀರು ಹಾಕಿದ ಕೂಡಲೇ ಸೋರುತ್ತದೆ. ಸೋರದಿದ್ದರೂ ಒಲೆ ಭಾಗದ ಪೌಡರ್ ಮೊದಲ ತಿಂಗಳಲ್ಲೇ ಸುಡುತ್ತದೆ. ಉದ್ಯಮಬಾಗ್ ಕಡೆಯ ಕಾರ್ಖಾನೆಗೆ ಕೊಟ್ಟು ಬ್ಲಾಸ್ಟಿಂಗ್ (ಮರಳಿನಂಥ ಕಣ ರಭಸದಿಂದ ಹೊಡೆದು ತುಕ್ಕು ತೆಗೆಯುವುದು) ಮಾಡಿಸುವ ಯೋಚನೆಯೂ ಬೇಡ. ಎರಕದ ಕಬ್ಬಿಣಕ್ಕೆ ಅದು ಸರಿ; ಒಂದು ಮಿಲಿಮೀಟರೂ ದಪ್ಪವಿಲ್ಲದ, ತುಕ್ಕು ತಿಂದ ಪತ್ರಾ ಆ ಹೊಡೆತಕ್ಕೆ ಸೊಟ್ಟಗಾಗುತ್ತದೆ ಅಥವಾ ತೂತಾಗುತ್ತದೆ.

ತೂತಿನ ಮಾತು ಬಂತು. ಬಣ್ಣದ ಕೆಲಸಕ್ಕೆ ಕೈಹಾಕುವ ಹಿಂದಿನ ರಾತ್ರಿ ಬಂಬ್ ತುಂಬ ನೀರು ಹಾಕಿ, ಒಣ ನೆಲದ ಮೇಲೆ ಹಳೆ ಪೇಪರ್ ಹಾಸಿ ನಿಲ್ಲಿಸಿ. ಬೆಳಿಗ್ಗೆ ಪೇಪರ್ ಒದ್ದೆಯಿದ್ದರೆ ಮೊದಲು ಪಾತ್ರೆ ಬೆಸೆಯುವ ಬೋಗಾರರ ಹತ್ತಿರ ಒಯ್ಯಿರಿ, ಬಣ್ಣ ಆಮೇಲೆ. ಒಲೆ ಭಾಗದ ಪತ್ರಾವನ್ನು ಸ್ಕ್ರೂಡ್ರೈವರ್ ತುದಿಯಿಂದ ಅಲ್ಲಲ್ಲಿ ಒತ್ತಿ ನೋಡಿ. ಒಳಗೆ ತಗ್ಗಿದರೆ, ಇಲ್ಲವೇ ಬಡಿದಾಗ ಠಣ್ ಅನ್ನದೆ ದಬ್ ಅಂದರೆ ಅಲ್ಲಿ ಲೋಹ ಉಳಿದಿಲ್ಲ. ಬೇರೆ ಪತ್ರಾ ಹಾಕಿಸಬೇಕು. ಎಪಾಕ್ಸಿ ಲಪ್ಪ ಮೆತ್ತಿ ಮೇಲೆ ಬಣ್ಣ ಹೊಡೆಯುವುದು ಉರಿ ತಾಗುವ ಕಡೆ ಒಂದು ವಾರವೂ ಬಾಳುವುದಿಲ್ಲ.

ಎಲ್ಲಾ ಕೆರೆದು ತೆಗೆಯಬೇಕೇ ಅಂದಿರಿ. ಒಲೆ ಭಾಗದಲ್ಲಿ ಮತ್ತು ಹೊಗೆ ಕೊಳವೆಯಲ್ಲಿ ಹೌದು, ಪೂರ್ತಿ. ಅಲ್ಲಿ ರೆಡ್ ಆಕ್ಸೈಡಿನ ಒಂದು ಚುಕ್ಕೆಯೂ ಉಳಿಯಬಾರದು, ಬರೀ ಲೋಹ ಕಾಣಬೇಕು. ಸಿಲಿಕೋನ್ ಬಣ್ಣದ ಕೆಳಗೆ ಪ್ರೈಮರ್ ಇಲ್ಲವೇ ಇಲ್ಲ. ಇದ್ದರೆ ಹೋದ ವರ್ಷದ ಕತೆಯೇ ಮತ್ತೆ. ತುಕ್ಕನ್ನು ಕಪ್ಪು ಮಾಡುವ ರಸ್ಟ್ ಕನ್ವರ್ಟರ್ ಸಹ ಅಲ್ಲಿ ಬೇಡ. ನೀರಿನ ಭಾಗದಲ್ಲಿ ಹಳೆ ಬಣ್ಣ ಗಟ್ಟಿಯಿದ್ದರೆ ಬಿಡಬಹುದು. ಗಟ್ಟಿಯಿದೆಯೋ ಇಲ್ಲವೋ ನೋಡಲು ಬ್ಲೇಡಿನಿಂದ ಎರಡೆರಡು ಮಿಲಿಮೀಟರಿಗೆ ಉದ್ದಡ್ಡ ಗೆರೆ ಕೊಯ್ದು, ಸೆಲೋಟೇಪ್ ಒತ್ತಿ ಹಚ್ಚಿ ಚಟ್ಟನೆ ಕಿತ್ತಿರಿ. ಚೌಕಗಳು ಟೇಪಿಗೆ ಹತ್ತಿ ಬಂದರೆ ತೆಗೆಯಲೇಬೇಕು. ಬರದಿದ್ದರೆ 180 ನಂಬರಿನ ಪೇಪರಿನಲ್ಲಿ ಮೈಯೆಲ್ಲ ಉಜ್ಜಿ. ಹಳೆಯ ಸಿಲ್ವರ್ ಬಣ್ಣದ ಮೇಲ್ಪದರದಲ್ಲಿ ಅಲ್ಯುಮಿನಿಯಂ ಹಳುಕುಗಳು ಸಡಿಲವಾಗಿ ಕೂತಿರುತ್ತವೆ, ಅದರ ಮೇಲೆ ನೇರವಾಗಿ ಹಚ್ಚಿದ್ದು ಹಿಡಿಯುವುದಿಲ್ಲ. ಬಟ್ಟೆಯಿಂದ ಒರೆಸಿದಾಗ ಬಟ್ಟೆಗೆ ಬೆಳ್ಳಿ ಬಣ್ಣ ಹತ್ತದಷ್ಟು ಉಜ್ಜಬೇಕು.

ಉಜ್ಜುವ ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿಕೊಳ್ಳಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90) ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರ್ 1ರಿಂದ. ಹಳೆ ಬಂಬಿನ ಕೆಳಪದರಗಳು ಅದಕ್ಕಿಂತ ಹಿಂದಿನವು ಆಗಿರಬಹುದು, ಅವುಗಳ ಧೂಳು ಮಕ್ಕಳಿಗೆ ಬಹಳ ಕೆಟ್ಟದ್ದು. ಹಳೆ ಬಣ್ಣವನ್ನು ಬೆಂಕಿಗೆ ಹಿಡಿದು ಸುಡುವುದೂ ಇದೇ ಕಾರಣಕ್ಕೆ ಬೇಡ. ಜಿಐ ಆದರೆ ಸತುವಿನ ಹೊಗೆಯೂ ಸೇರುತ್ತದೆ. ಕೆರೆದ ಚೂರನ್ನೆಲ್ಲ ಪೇಪರಿನ ಮೇಲೆ ಕೂಡಿಸಿ ಕಟ್ಟಿ ಕಸಕ್ಕೆ ಕೊಡಿ, ತುಳಸಿಕಟ್ಟೆ ಹತ್ತಿರವೋ ಗಿಡದ ಬುಡಕ್ಕೋ ಜಾಡಿಸಬೇಡಿ. ಪೇಂಟ್ ರಿಮೂವರ್ ಬಳಸುವುದಾದರೆ ಅಂಗಳದಲ್ಲಿ ಮಾತ್ರ. ಅದರ ಆವಿ ಗಾಳಿಗಿಂತ ಭಾರ, ಕಿಟಕಿ ಸಣ್ಣದಿರುವ ಬಚ್ಚಲಿನಲ್ಲಿ ಕೆಳಗೆ ಕೂತು ಕೆಲಸ ಮಾಡುವವರ ಪ್ರಾಣಕ್ಕೇ ಅಪಾಯ. ಕಾಸ್ಟಿಕ್ ಸೋಡಾ ಕಬ್ಬಿಣದ ಮೇಲಿನ ಎಣ್ಣೆ ಬಣ್ಣ ತೆಗೆಯುತ್ತದೆ, ಆದರೆ ಸತುವನ್ನೂ ತಿನ್ನುತ್ತದೆ, ಜಿಐಗೆ ಬೇಡ.

ಒಲೆ ಭಾಗಕ್ಕೆ ಮೊದಲು ತಂತಿ ಬ್ರಶ್, ಆಮೇಲೆ 80, ಕೊನೆಗೆ 120 ನಂಬರ್. ಮಸಿಯಲ್ಲಿ ಜಿಡ್ಡು ಇರುತ್ತದೆ, ಕಟ್ಟಿಗೆಯ ಡಾಂಬರು. ಅದನ್ನು ಉಜ್ಜಿದರೆ ಹರಡುತ್ತದೆ ಹೊರತು ಹೋಗುವುದಿಲ್ಲ. ಹಾಗಾಗಿ ಪಾತ್ರೆ ತೊಳೆಯುವ ಪುಡಿ ಹಾಕಿದ ಬಿಸಿನೀರಿನಲ್ಲಿ ತೊಳೆದು, ಚೊಕ್ಕ ನೀರು ಹಾಕಿ, ತಕ್ಷಣ ಒರೆಸಿ ಬಿಸಿಲಿಗೆ ಇಡಿ. ತೊಳೆದ ಬರೀ ಕಬ್ಬಿಣ ಅರ್ಧ ತಾಸಿನಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ತಿರುಗಿದರೆ 120ರಲ್ಲಿ ಇನ್ನೊಮ್ಮೆ ಒಣದಾಗಿ ಉಜ್ಜಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪು ಸಾಕು ಅಲ್ಲೊಂದು ಗುಳ್ಳೆ ಏಳಲು.

ಈಗ ಹಚ್ಚುವ ಸರದಿ. ಹೆಚ್ಚಿನವರು ತಪ್ಪುವುದು ಇಲ್ಲಿ. ಮೊದಲು ಒಲೆ ಭಾಗ ಮತ್ತು ಹೊಗೆ ಕೊಳವೆ ಮುಗಿಸಬೇಕು, ಅದನ್ನು ಉರಿ ಹಾಕಿ ಗಟ್ಟಿ ಮಾಡಬೇಕು, ಆಮೇಲೆ ನೀರಿನ ಭಾಗಕ್ಕೆ ಬರಬೇಕು. ಎರಡನ್ನೂ ಒಟ್ಟಿಗೆ ಹಚ್ಚಿಬಿಟ್ಟರೆ ಸಿಲಿಕೋನಿಗೆ ಬೇಗ ಉರಿ ಬೇಕು, ಎನಾಮಲ್ ಜಾತಿಯ ಬಣ್ಣಕ್ಕೆ ಒಂದು ವಾರ ಶಾಖ ತಗಲಬಾರದು. ಎರಡರಲ್ಲಿ ಒಂದು ಕೆಡಲೇಬೇಕು.

ಗಡಿಯ ಗೆರೆಗೆ ಟೇಪ್ ಅಂಟಿಸಿ, ನೀರಿನ ಭಾಗಕ್ಕೆ ಪೇಪರ್ ಸುತ್ತಿ. ಹೊಗೆ ಕೊಳವೆಯ ಒಳಗೆ, ನಳದ ತಿರುಪಿಗೆ, ನೀರು ಮುಟ್ಟುವ ಯಾವ ಒಳಮೈಗೂ ಬಣ್ಣ ಹೋಗಬಾರದು. ಡಬ್ಬಿಯ ಬಣ್ಣವನ್ನು ಕಡ್ಡಿಯಿಂದ ತಳ ಮುಟ್ಟಿ ಕಲಕಿ; ಅಲ್ಯುಮಿನಿಯಂ ಭಾರ, ಎಲ್ಲ ಅಡಿಗೆ ಕೂತಿರುತ್ತದೆ. ಕಡ್ಡಿ ಎತ್ತಿದಾಗ ತುದಿಗೆ ಗಟ್ಟಿ ಮುದ್ದೆ ಹತ್ತದೇ ಇದ್ದಾಗ ಕಲಕಿದ್ದು ಸಾಕು. ಪದರ ಬಹಳ ತೆಳುವಾಗಿರಲಿ, ಒಣಗಿದ ಮೇಲೆ ಒಂದು ಕೈಗೆ 20ರಿಂದ 25 ಮೈಕ್ರಾನ್, ಅಂದರೆ ಹಸಿಯಿರುವಾಗ ಎಮರಿಯ ಗೆರೆಗಳು ಇನ್ನೂ ತುಸು ಕಾಣುವಷ್ಟು. ಎರಡು ಕೈ ಸಾಕು, ಮೂರನೆಯದು ಲಾಭವಲ್ಲ, ನಷ್ಟ. ದಪ್ಪಗೆ ಹಚ್ಚಿದರೆ ಮೇಲ್ಮೈ ಮೊದಲು ಬಿಗಿದುಕೊಂಡು ಒಳಗಿನ ಥಿನ್ನರ್ ಸಿಕ್ಕಿಬೀಳುತ್ತದೆ, ಉರಿ ಹಾಕಿದಾಗ ಅದೇ ಆವಿಯಾಗಿ ಗುಳ್ಳೆ ಎಬ್ಬಿಸುತ್ತದೆ. ಸ್ಪ್ರೇ ಆದರೆ ಒಂದಡಿ ದೂರದಿಂದ, ಕೈ ನಿಲ್ಲಿಸದೆ. ಎರಡು ಕೈಗಳ ನಡುವೆ ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಬಿಡಿ.

ಹಚ್ಚಿ 24 ತಾಸು ಆದ ಮೇಲೆ ಸುತ್ತಿದ ಪೇಪರ್, ಟೇಪ್ ತೆಗೆದು, ಬಂಬನ್ನು ಅಂಗಳಕ್ಕೆ ತಂದು ಗಂಟಲಮಟ ನೀರು ತುಂಬಿ. ಖಾಲಿ ಬಂಬಿಗೆ ಉರಿ ಹಾಕಿದರೆ ಬೆಸುಗೆ ಬಿಡುತ್ತದೆ. ಮೊದಲು ಎರಡು ಮೂರು ಸಣ್ಣ ಕಟ್ಟಿಗೆಯ ಉರಿ, 20 ನಿಮಿಷ, ಆರಲು ಬಿಡಿ. ಮತ್ತೆ ಮಧ್ಯಮ ಉರಿ, ಅರ್ಧ ತಾಸು, ಮತ್ತೆ ಆರಲಿ. ಮೂರನೇ ಸಲ ದಿನಾ ಹಾಕುವಷ್ಟು ಉರಿ, ಒಂದು ತಾಸು, ನಡುನಡುವೆ ನೀರು ಕಡಿಮೆಯಾಗದಂತೆ ಹಾಕುತ್ತ. ಹೊರಮೈಯಿಂದ ತೆಳ್ಳಗೆ ಹೊಗೆ, ಖಾರ ವಾಸನೆ ಬರುತ್ತದೆ. ಬಣ್ಣ ಗಟ್ಟಿಯಾಗುವ ಹೊತ್ತಿನಲ್ಲಿ ಅದು ಸಹಜ, ನೀವು ಹೊಗೆ ಬರುವ ಕಡೆ ನಿಲ್ಲಬೇಡಿ ಅಷ್ಟೇ. ಬಿಸಿ ಇರುವಾಗ ಆ ಭಾಗಕ್ಕೆ ನೀರು ಎರಚಬಾರದು. ಪೂರ್ತಿ ಆರಿದ ಮೇಲೆ ಉಗುರಿನಿಂದ ಒತ್ತಿ ಎಳೆಯಿರಿ. ಗೆರೆ ಬೀಳದಿದ್ದರೆ ಬಣ್ಣ ಗಟ್ಟಿಯಾಯಿತು. ಬಿದ್ದರೆ ಮೂರನೇ ಉರಿಯನ್ನು ಇನ್ನೊಮ್ಮೆ ಹಾಕಿ.

ನೀರಿನ ಭಾಗದ ಕೆಲಸ ಇದಕ್ಕಿಂತ ಸರಳ. ಈಗ ಟೇಪನ್ನು ಗೆರೆಯ ಕೆಳಗೆ, ಗಟ್ಟಿಯಾದ ಬಣ್ಣದ ಮೇಲೆ ಅಂಟಿಸಿ. 180ರಲ್ಲಿ ಲಘುವಾಗಿ ಉಜ್ಜಿ, ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ, ಲೋಹ ಕಾಣುವಲ್ಲೆಲ್ಲ ಪ್ರೈಮರ್. ಒಂದು ರಾತ್ರಿ ಬಿಡಿ. ಆಮೇಲೆ ಅಲ್ಯುಮಿನಿಯಂ ಬಣ್ಣ. ಎರಡು ಡಬ್ಬಿಯದಾದರೆ ಆ ದಿನಕ್ಕೆ ಬೇಕಾದಷ್ಟೇ ಬೆರೆಸಿ, ಬೆರೆಸಿಟ್ಟದ್ದು ಹೊಳಪು ಕಳೆದುಕೊಳ್ಳುತ್ತದೆ. ಇದನ್ನು ಹಚ್ಚುವ ರೀತಿ ಬೇರೆ ಬಣ್ಣದಂತಲ್ಲ. ಇದರಲ್ಲಿರುವ ಚಪ್ಪಟೆ ಹಳುಕುಗಳು ಹಸಿ ಪದರದಲ್ಲಿ ಮೇಲಕ್ಕೆ ತೇಲಿ ಬಂದು ಒಂದರ ಮೇಲೊಂದು ಹಾಸಿಕೊಳ್ಳುತ್ತವೆ. ಹೊಳಪು ಬರುವುದೂ, ತೇವ ಒಳಗಿಳಿಯದಂತೆ ತಡೆಯುವುದೂ ಆ ಹಾಸಿನಿಂದಲೇ. ಬ್ರಶ್ ಅನ್ನು ಹಿಂದೆ ಮುಂದೆ ತಿಕ್ಕುತ್ತಿದ್ದರೆ ಹಾಸು ಕದಡಿ ಕಪ್ಪು ಪಟ್ಟೆ ಮೂಡುತ್ತವೆ. ಬ್ರಶ್ ತುಂಬ ಬಣ್ಣ ತೆಗೆದುಕೊಂಡು ಮೇಲಿಂದ ಕೆಳಗೆ ಒಂದೇ ದಿಕ್ಕಿಗೆ ಎಳೆದು ಬಿಟ್ಟುಬಿಡಿ, ತಿರುಗಿ ಆ ಜಾಗಕ್ಕೆ ಹೋಗಬೇಡಿ. ಎರಡನೇ ಕೈ ಮರುದಿನ. ಅದಾದ ಮೇಲೆ ಏಳು ದಿನ ಉರಿ ಹಾಕಬಾರದು. ಆ ವಾರ ಗೀಸರೋ ಗ್ಯಾಸೋ ನೋಡಿಕೊಳ್ಳಿ.

ಹವೆಯ ವಿಷಯ. ಬೆಳಗಾವಿಯಲ್ಲಿ ಸೆಪ್ಟೆಂಬರ್ ಮುಗಿಯುವವರೆಗೂ ಜಿನುಗು ಮಳೆ ಇರುತ್ತದೆ, ಅಕ್ಟೋಬರಿನಲ್ಲೂ ಸಂಜೆ ಗುಡುಗಿ ಬರುವುದುಂಟು. ಬೆಳಗಿನ ಹೊತ್ತು ಪತ್ರಾದ ಮೇಲೆ ಕಣ್ಣಿಗೆ ಕಾಣದ ಇಬ್ಬನಿ ಕೂತಿರುತ್ತದೆ. ಹತ್ತು ಗಂಟೆಯ ನಂತರ, ಮುಟ್ಟಿದರೆ ಬೆಚ್ಚಗೆ ಅನ್ನಿಸಿದಾಗ ಶುರು ಮಾಡಿ, ನಾಲ್ಕರೊಳಗೆ ಮುಗಿಸಿ. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ತೊಂದರೆ ಬೇರೆ: ಅಲ್ಲಿನ ಬಿಸಿಲಿಗೆ ಪತ್ರಾ ಕೈ ಸುಡುವಷ್ಟು ಕಾದು, ಬಣ್ಣ ಹರಡುವ ಮೊದಲೇ ಒಣಗಿ ಸುಕ್ಕುಗಟ್ಟುತ್ತದೆ, ನೆರಳಿನಲ್ಲಿಟ್ಟು ಹಚ್ಚಬೇಕು. ದಿನಗಳನ್ನು ಕೂಡಿಸಿ ನೋಡಿ: ಕೆರೆಯಲು ಎರಡು ದಿನ, ಒಲೆ ಭಾಗಕ್ಕೂ ಅದರ ಉರಿಗೂ ಮೂರು, ನೀರಿನ ಭಾಗಕ್ಕೆ ಮೂರು, ಕಾಯಲು ಏಳು. ನೀರು ತುಂಬುವ ಹಬ್ಬಕ್ಕೆ ಬಂಬ್ ತಯಾರಿರಬೇಕೆಂದರೆ ದಸರೆ ಮುಗಿದ ಕೂಡಲೇ ಕೈ ಹಚ್ಚಬೇಕು. ಹಬ್ಬಕ್ಕೆ ನಾಲ್ಕು ದಿನ ಉಳಿದಿದ್ದರೆ ಈ ವರ್ಷ ಬರೀ ತೊಳೆದು ಒರೆಸಿ ಬಿಡಿ, ಬಣ್ಣ ಹಬ್ಬದ ಮೇಲೆ ಹಚ್ಚಿ. ಅವಸರದಲ್ಲಿ ಹಚ್ಚಿ ಹಸಿಯಲ್ಲೇ ಉರಿ ಹಾಕಿದರೆ ಎಲ್ಲ ಮತ್ತೆ ಕೆರೆಯಬೇಕಾಗುತ್ತದೆ.

ಎಣ್ಣೆ ಬಣ್ಣ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಒಲೆ ಹತ್ತಿರವೋ ಮೂಲೆಗೋ ಒಗೆಯಬೇಡಿ, ತಾವೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲವು. ಹರವಿ ಒಣಗಿಸಿ ಆಮೇಲೆ ಬಿಸಾಡಿ. ಒಲೆಯಲ್ಲಿ ಒಂದು ಕೆಂಡ ಇದ್ದರೂ ಥಿನ್ನರ್ ಡಬ್ಬಿ ತೆರೆಯುವಂತಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ನೀರಿನ ಭಾಗ ಹಲವು ವರ್ಷ ನೋಡಬೇಕಿಲ್ಲ. ಉರಿ ನೇರ ಬಡಿಯುವ ಒಲೆ ಬಾಯಿಯ ಅಂಚಿನಲ್ಲಿ ಮಾತ್ರ ಯಾವ ಬಣ್ಣವೂ ಕಾಯಂ ಅಲ್ಲ. ಮಿಕ್ಕ ಸ್ಪ್ರೇ ಡಬ್ಬಿ ಇಟ್ಟುಕೊಂಡು, ವರ್ಷಕ್ಕೊಮ್ಮೆ ಅಷ್ಟು ಜಾಗ ಉಜ್ಜಿ ಒಂದು ಕೈ ಹೊಡೆಯಿರಿ. ಬೂದಿಯನ್ನು ದಿನಾ ತೆಗೆಯಿರಿ. ಒಣ ಬೂದಿ ಏನೂ ಮಾಡದು, ಆದರೆ ನೀರು ಸಿಡಿದು ಒದ್ದೆಯಾದ ಕಟ್ಟಿಗೆ ಬೂದಿ ಕ್ಷಾರ. ಬಣ್ಣವನ್ನೂ ಸತುವನ್ನೂ ತಿಂದು, ಕೆಳಗಿನ ಅಂಚಿನಿಂದ ತುಕ್ಕು ಹತ್ತಿಸುತ್ತದೆ.

ಹಬ್ಬದ ದಿನ ಬಂಬಿಗೆ ಸುಣ್ಣ, ಕೆಮ್ಮಣ್ಣಿನ ಗೆರೆ ಎಳೆಯುವ ಪದ್ಧತಿ ನಿಮ್ಮಲ್ಲಿದ್ದರೆ ಒಂದು ಮಾತು. ಸುಣ್ಣವೂ ಕ್ಷಾರವೇ, ಅಲ್ಯುಮಿನಿಯಂ ಬಣ್ಣಕ್ಕೆ ಅದು ತಗಲಿ ಉಳಿದರೆ ಆ ಗೆರೆಯ ಆಕಾರದಲ್ಲೇ ಬಣ್ಣ ಮಂಕಾಗಿ ಏಳುತ್ತದೆ. ಕೆಮ್ಮಣ್ಣಿನಿಂದ ಏನೂ ಆಗದು. ಬಿಳಿ ಗೆರೆ ಬೇಕೇ ಬೇಕೆಂದರೆ ಸುಣ್ಣದ ಬದಲು ಅಕ್ಕಿಹಿಟ್ಟು ಕಲಸಿ ಎಳೆಯಿರಿ, ಅಭ್ಯಂಗ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ.